ಅಲರ್ಜಿ ಮಾತ್ರೆ ಮತ್ತು ಎಚ್ಚರ: ನಿದ್ದೆ ಬರಲಿಲ್ಲ ಎಂದಮಾತ್ರಕ್ಕೆ ಚುರುಕಾಗಿದ್ದೀರಿ ಎಂದಲ್ಲ

ಫಾರ್ಮಸಿ ಓದು ಮುಗಿಸಿ ಪುಣೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದು ಇದು. ವಿಜಯಪುರ ಕಡೆಯ ಕ್ಯಾಬ್ ಚಾಲಕರೊಬ್ಬರು ಸೀನು, ಮೂಗು ಸೋರುವಿಕೆ ಎಂದು ಬಂದು ಶೀತದ ಮಾತ್ರೆ ಒಯ್ದಿದ್ದರು. ಎರಡು ದಿನ ಬಿಟ್ಟು ಮತ್ತೆ ಬಂದರು. ಸೀನು ನಿಂತಿತ್ತು. ನಿದ್ದೆ ಬಂತೇ ಎಂದು ಕೇಳಿದೆ. "ನಿದ್ದಿ ಏನ್ ಬರ್ಲಿಲ್ರೀ ಅಕ್ಕಾರ. ಆದ್ರ ಸಿಗ್ನಲ್ ಹಸಿರಾಗಿದ್ದು ಹಿಂದಿನ ಗಾಡಿಯವ ಹಾರ್ನ್ ಹೊಡದ ಮ್ಯಾಲೇ ಗೊತ್ತಾತು. ಎರಡ್ ಸಲ ಹಂಗ ಆತು" ಎಂದು ನಕ್ಕರು. ನಾನೂ ನಕ್ಕೆ. ಅದು ನಗುವ ವಿಷಯವಲ್ಲ ಎಂದು ಸರಿಯಾಗಿ ಅರ್ಥವಾಗಲು ನನಗೆ ಕೆಲವು ವರ್ಷ ಬೇಕಾಯಿತು.

ಅಲರ್ಜಿ ಮಾತ್ರೆ ಕೊಳ್ಳುವ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ನಿದ್ದೆ ಬರುತ್ತಾ?" ಒಳ್ಳೆಯ ಪ್ರಶ್ನೆಯೇ. ಆದರೆ ಈ ಔಷಧಿಗಳು ಮಾಡುವ ಕೆಲಸ ಎರಡು ಬಗೆಯದು. ಒಂದು ನಮಗೆ ಗೊತ್ತಾಗುವಂಥದ್ದು: ಆಕಳಿಕೆ, ತೂಕಡಿಕೆ, ಕಣ್ಣು ಎಳೆಯುವುದು. ಇನ್ನೊಂದು ನಮಗೆ ಗೊತ್ತಾಗದಂಥದ್ದು: ಗಮನ ಜಾರುವುದು, ಪ್ರತಿಕ್ರಿಯೆ ಅರೆಕ್ಷಣ ತಡವಾಗುವುದು, ಓದಿದ ಸಾಲನ್ನೇ ಮತ್ತೆ ಓದುವುದು, ಲೆಕ್ಕದಲ್ಲಿ ಸಣ್ಣ ತಪ್ಪು. ಮೊದಲನೆಯದು ಇಲ್ಲದೆಯೂ ಎರಡನೆಯದು ಇರಬಹುದು. ಆ ಚಾಲಕರಿಗೆ ಆಗಿದ್ದು ಇದೇ ಇರಬೇಕು.

ಮೂಗಿನ ಹಿಸ್ಟಮಿನ್, ಮಿದುಳಿನ ಹಿಸ್ಟಮಿನ್

ಹೂವಿನ ಪರಾಗ, ಮನೆಯ ಧೂಳಿನಲ್ಲಿರುವ ಸೂಕ್ಷ್ಮ ಹುಳು, ಮುಂಬೈ ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಜಿರಳೆಯ ಕಣ, ಹೀಗೆ ಯಾವುದಕ್ಕೋ ಮೈ ಒಗ್ಗದಿದ್ದಾಗ ನಮ್ಮ ಮೂಗು, ಕಣ್ಣು, ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ಅದು ಎಚ್1 ಎಂಬ ರಿಸೆಪ್ಟರಿಗೆ ಅಂಟಿಕೊಂಡಾಗ ಸೀನು, ನೀರು, ತುರಿಕೆ, ಪಿತ್ತಗಂಧೆ. (ರಿಸೆಪ್ಟರಿಗೆ ಕನ್ನಡದಲ್ಲಿ "ಗ್ರಾಹಕ" ಎಂಬ ಪದ ಇದೆ. ನಾನು ಅನುವಾದಿಸಿದ ಒಂದು ಕರಪತ್ರದಲ್ಲಿ ಅದನ್ನು ಬಳಸಿದಾಗ ಓದಿದವರೊಬ್ಬರು, ಅಂಗಡಿ ಗಿರಾಕಿಗೂ ಹಿಸ್ಟಮಿನ್ನಿಗೂ ಏನು ಸಂಬಂಧ ಎಂದು ಕೇಳಿದರು. ಹಾಗಾಗಿ ಇಲ್ಲಿ ರಿಸೆಪ್ಟರ್ ಎಂದೇ ಇರಲಿ.) ಹಿಸ್ಟಮಿನ್ ಕೀಲಿಯಾದರೆ ರಿಸೆಪ್ಟರ್ ಬೀಗ. ಅಲರ್ಜಿ ಮಾತ್ರೆ ಆ ಬೀಗದ ಬಾಯಿಗೆ ಅಡ್ಡ ಕೂರುತ್ತದೆ. ಅದಕ್ಕೇ ಇವುಗಳಿಗೆ ಆಂಟಿಹಿಸ್ಟಮಿನ್ ಎಂದು ಹೆಸರು.

ತೊಡಕು ಎಲ್ಲಿದೆ ಎಂದರೆ, ಇದೇ ಹಿಸ್ಟಮಿನ್ ಮಿದುಳಿನಲ್ಲೂ ಇದೆ, ಅಲ್ಲಿ ಅದರ ಕೆಲಸವೇ ಬೇರೆ. ಮಿದುಳಿನ ತಳಭಾಗದ ಹೈಪೊಥಾಲಮಸ್‌ನಲ್ಲಿ ಹಿಸ್ಟಮಿನ್ ತಯಾರಿಸುವ ನರಕೋಶಗಳ ಒಂದು ಪುಟ್ಟ ಗುಂಪಿದೆ. ನಾವು ಎಚ್ಚರವಿದ್ದಾಗ ಅವು ದುಡಿಯುತ್ತವೆ, ನಿದ್ದೆಗೆ ಜಾರಿದಾಗ ಸುಮ್ಮನಾಗುತ್ತವೆ. ಅಲ್ಲಿಂದ ಹೊರಟ ಎಳೆಗಳು ಮಿದುಳಿನ ಬಹುತೇಕ ಎಲ್ಲ ಭಾಗಕ್ಕೂ ಹರಡಿ "ಎದ್ದಿರು, ಗಮನಿಸು" ಎಂಬ ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿ ತಲುಪುವುದೂ ಎಚ್1 ರಿಸೆಪ್ಟರಿನ ಮೂಲಕವೇ. ಮೂಗಿನ ಬೀಗ ಯಾವುದು, ಮಿದುಳಿನ ಬೀಗ ಯಾವುದು ಎಂದು ಮಾತ್ರೆಗೆ ತಿಳಿಯದು. ಮಿದುಳಿಗೆ ಹೋಗಲು ದಾರಿ ಸಿಕ್ಕರೆ ಅಲ್ಲಿಯೂ ಅಡ್ಡ ಕೂರುತ್ತದೆ.

ದಾರಿ ಸಿಗುತ್ತದೆಯೇ ಇಲ್ಲವೇ ಎನ್ನುವುದೇ ಹಳೆಯ ಮತ್ತು ಹೊಸ ಮಾತ್ರೆಗಳ ನಡುವಿನ ಮುಖ್ಯ ವ್ಯತ್ಯಾಸ. ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ಒಂದು ತಡೆಗೋಡೆ ಇದೆ. ಹಳೆಯ ತಲೆಮಾರಿನ ಮಾತ್ರೆಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುವಂಥವು, ಆ ಗೋಡೆಯನ್ನು ಸಲೀಸಾಗಿ ದಾಟುತ್ತವೆ. ಹೊಸ ತಲೆಮಾರಿನವು ಕಷ್ಟದಿಂದ ದಾಟುತ್ತವೆ. ದಾಟಿದ ಅಷ್ಟಿಷ್ಟನ್ನೂ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಹೊರಕ್ಕೆ ತಳ್ಳುತ್ತದೆ.

ಹಳೆಯವು ನಿಜಕ್ಕೂ ಹಳೆಯವು. ಹಿಸ್ಟಮಿನ್ನನ್ನು ತಡೆಯುವ ಮೊದಲ ವಸ್ತುವನ್ನು ಡೇನಿಯಲ್ ಬೊವೆ ಪ್ಯಾರಿಸ್ಸಿನಲ್ಲಿ 1937ರಲ್ಲಿ ಕಂಡುಹಿಡಿದರು, 1957ರಲ್ಲಿ ಅವರಿಗೆ ನೊಬೆಲ್ ಬಂತು. ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಕ್ಲೋರ್‌ಫೆನಿರಮಿನ್ ಎಲ್ಲ ಬಂದದ್ದು ಅದರ ಮುಂದಿನ ಒಂದು ದಶಕದ ಆಸುಪಾಸಿನಲ್ಲಿ. ಪ್ರೊಮೆಥಜಿನ್ ತೆಗೆದುಕೊಂಡವರಲ್ಲಿ ಕಂಡ ಒಂದು ಬಗೆಯ ನಿರ್ಲಿಪ್ತ ಶಾಂತತೆಯ ಜಾಡು ಹಿಡಿದು ಹೋಗಿಯೇ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋರ್‌ಪ್ರೊಮಜಿನ್ ಸಿಕ್ಕಿತು. ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುವ ನಿದ್ದೆಮಾತ್ರೆಗಳಲ್ಲಿ ಇಂದಿಗೂ ಇರುವುದು ಹೆಚ್ಚಾಗಿ ಡೈಫೆನ್‌ಹೈಡ್ರಮಿನ್ ಅಥವಾ ಡಾಕ್ಸಿಲಮಿನ್. ಅಂದರೆ ಒಂದೇ ವಸ್ತು ಒಂದು ಡಬ್ಬಿಯಲ್ಲಿ ಅಲರ್ಜಿ ಔಷಧಿ, ಇನ್ನೊಂದರಲ್ಲಿ ನಿದ್ದೆ ಔಷಧಿ. ಅಲರ್ಜಿ ಡಬ್ಬಿಯಿಂದ ನುಂಗಿದರೆ ಅದು ಮಿದುಳನ್ನು ಮುಟ್ಟದೆ ಬಿಡುತ್ತದೆಯೇ?

ಅಳೆದು ನೋಡಿದಾಗ

ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಕಝುಹಿಕೊ ಯನಾಯ್ ಮತ್ತು ಅವರ ಸಂಗಡಿಗರು ಪೆಟ್ ಸ್ಕ್ಯಾನ್ ಬಳಸಿ ಇದನ್ನು ನೇರವಾಗಿಯೇ ಅಳೆದಿದ್ದಾರೆ. ಮಾತ್ರೆ ಕೊಟ್ಟು, ಮಿದುಳಿನ ಎಚ್1 ರಿಸೆಪ್ಟರುಗಳಲ್ಲಿ ಎಷ್ಟು ಪಾಲು ಮಾತ್ರೆಯ ವಶವಾಗಿವೆ ಎಂದು ನೋಡುವುದು ಇದರ ಬಗೆ. ಶೇ. 50 ಮತ್ತು ಅದಕ್ಕಿಂತ ಹೆಚ್ಚಾದರೆ ಮಂಪರು ತರುವ ಔಷಧಿ, 20ರಿಂದ 50ರೊಳಗೆ ಇದ್ದರೆ ಕಡಿಮೆ ಮಂಪರಿನದು, 20ಕ್ಕಿಂತ ಕಡಿಮೆ ಇದ್ದರೆ ಮಂಪರು ತರದದ್ದು ಎಂದು ಅವರು ವಿಂಗಡಿಸುತ್ತಾರೆ. ಫೆಕ್ಸೊಫೆನಡಿನ್ ಹೆಚ್ಚುಕಡಿಮೆ ಸೊನ್ನೆ. ಸೆಟಿರಿಜಿನ್ 10 ಮಿ.ಗ್ರಾಂ ಕೊಟ್ಟಾಗ ಸುಮಾರು ಶೇ. 12, ಅದೇ 20 ಮಿ.ಗ್ರಾಂ ಕೊಟ್ಟಾಗ ಸುಮಾರು ಶೇ. 25. ಕ್ಲೋರ್‌ಫೆನಿರಮಿನ್ ಸಾಮಾನ್ಯ ಪ್ರಮಾಣದಲ್ಲಿಯೇ ಅರ್ಧದಷ್ಟು ಇಲ್ಲವೇ ಅದಕ್ಕೂ ಹೆಚ್ಚು ರಿಸೆಪ್ಟರುಗಳನ್ನು ಹಿಡಿಯುತ್ತದೆ. ಸೆಟಿರಿಜಿನ್ ಅಂಕಿಯನ್ನು ಮತ್ತೊಮ್ಮೆ ನೋಡಿ: ಒಂದರ ಬದಲು ಎರಡು ನುಂಗಿದರೆ ಅದು "ಮಂಪರು ತರದ" ಪಂಗಡದಿಂದ ಹೊರಗೆ ಬೀಳುತ್ತದೆ.

ಇನ್ನೊಂದು ಅಧ್ಯಯನವನ್ನು ನಾನು ಚಾಲಕರಿಗೆಲ್ಲ ಹೇಳುತ್ತಿರುತ್ತೇನೆ. ಅಮೆರಿಕದ ಅಯೋವಾದಲ್ಲಿ ನಡೆದು 2000ದಲ್ಲಿ ಪ್ರಕಟವಾದದ್ದು. ಪರಾಗದ ಅಲರ್ಜಿ ಇರುವ 40 ಜನರನ್ನು ನಿಜವಾದ ರಸ್ತೆಯಂತೆಯೇ ತೋರುವ ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ವಾರದಲ್ಲಿ ಒಮ್ಮೆ ಫೆಕ್ಸೊಫೆನಡಿನ್, ಒಮ್ಮೆ 50 ಮಿ.ಗ್ರಾಂ ಡೈಫೆನ್‌ಹೈಡ್ರಮಿನ್, ಒಮ್ಮೆ ಮದ್ಯ, ಒಮ್ಮೆ ಔಷಧಿಯಿಲ್ಲದ ಹುಸಿ ಮಾತ್ರೆ. ಮದ್ಯದ ಪ್ರಮಾಣ ರಕ್ತದಲ್ಲಿ ಸುಮಾರು ಶೇ. 0.1. ನಮ್ಮ ದೇಶದ ಕಾನೂನು ಒಪ್ಪುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿ.ಗ್ರಾಂ, ಅಂದರೆ ಶೇ. 0.03. ಅದರ ಮೂರು ಪಟ್ಟಿಗಿಂತ ಹೆಚ್ಚು ಕುಡಿಸಿದ್ದರು ಎಂದಾಯಿತು. ಹಾಗಿದ್ದೂ ಒಟ್ಟಾರೆ ಚಾಲನೆ ಎಲ್ಲಕ್ಕಿಂತ ಕೆಟ್ಟದ್ದಾಗಿದ್ದು ಡೈಫೆನ್‌ಹೈಡ್ರಮಿನ್ ನುಂಗಿದ ದಿನ. ಫೆಕ್ಸೊಫೆನಡಿನ್ ದಿನದ ಚಾಲನೆ ಹುಸಿ ಮಾತ್ರೆಯ ದಿನದಂತೆಯೇ ಇತ್ತು.

ನನಗೆ ಇದಕ್ಕಿಂತ ಮುಖ್ಯ ಎನಿಸುವುದು ಅದೇ ಅಧ್ಯಯನದ ಇನ್ನೊಂದು ಮಾತು. ನಿಮಗೆ ಎಷ್ಟು ನಿದ್ದೆ ಎಳೆಯುತ್ತಿದೆ ಎಂದು ಅವರನ್ನೇ ಕೇಳಿ ಬರೆದುಕೊಂಡಿದ್ದರು. ಆ ಉತ್ತರದಿಂದ ಅವರ ಚಾಲನೆ ಎಷ್ಟು ಕೆಟ್ಟಿದೆ ಎಂದು ಸರಿಯಾಗಿ ಊಹಿಸಲು ಆಗಲಿಲ್ಲ. ನಿದ್ದೆ ಇಲ್ಲ ಎಂದವರೂ ತಪ್ಪು ಮಾಡಿದ್ದರು. ಔಷಧಿ ಮಂಕು ಮಾಡುವುದು ನಮ್ಮನ್ನು ನಾವು ಅಳೆದುಕೊಳ್ಳುವ ಅದೇ ಮಿದುಳನ್ನು. ಹಾಗಾಗಿ "ನಂಗೇನೂ ಆಗಲ್ಲ, ಅಭ್ಯಾಸ ಇದೆ" ಎಂಬ ಮಾತನ್ನು ನಾನು ಕೌಂಟರಿನಲ್ಲಿ ನಂಬುವುದಿಲ್ಲ. ನಾಲ್ಕೈದು ದಿನ ಸತತವಾಗಿ ತೆಗೆದುಕೊಂಡರೆ ತೂಕಡಿಕೆ ಕಡಿಮೆಯಾಗುವುದು ನಿಜ. ಆದರೆ ತೂಕಡಿಕೆ ಕಡಿಮೆಯಾಯಿತು ಎಂಬುದನ್ನೇ ನೆಚ್ಚಿಕೊಂಡು ಸ್ಟಿಯರಿಂಗ್ ಹಿಡಿಯಬಾರದು ಎನ್ನುವುದು ಮೇಲಿನ ಮಾತಿನಿಂದಲೇ ತಿಳಿಯುತ್ತದೆ.

ಔಷಧಿ ಹಾಳೆಗಳನ್ನು ಅನುವಾದಿಸುವಾಗ ನನಗೆ ಎದುರಾಗುವ ತೊಂದರೆಯೂ ಇದೇ. ಮೂಲದ ಎಚ್ಚರಿಕೆ ಸಾಲನ್ನು ನಾವು "ನಿದ್ರೆ ಬರಬಹುದು" ಎಂದು ಬರೆದು ಮುಗಿಸುತ್ತೇವೆ. ಓದಿದವರು ನಿದ್ದೆ ಬರುತ್ತದೆಯೇ ಎಂದು ಕಾಯುತ್ತಾರೆ, ಬರದಿದ್ದರೆ ಗಾಡಿ ತೆಗೆಯುತ್ತಾರೆ. "ನಿದ್ದೆ ಬಾರದಿದ್ದರೂ ಗಮನ ಮತ್ತು ಕೈಕಾಲಿನ ಚುರುಕು ಕಡಿಮೆಯಾಗಬಹುದು" ಎಂದು ಉದ್ದ ಬರೆದರೆ ಹಾಳೆಯಲ್ಲಿ ಜಾಗವಿಲ್ಲ ಎನ್ನುತ್ತಾರೆ. ನನ್ನ ಕೈಯಲ್ಲಿ ಇರುವವರೆಗೆ ನಾನು ಉದ್ದವೇ ಬರೆಯುತ್ತೇನೆ.

ರಾತ್ರಿ ನುಂಗಿದರೆ ಬೆಳಿಗ್ಗೆ ಇಳಿದಿರುತ್ತದೆಯೇ?

"ರಾತ್ರಿ ತಗೊಂಡು ಮಲಗಿಬಿಡಿ" ಎನ್ನುವುದು ಎಲ್ಲರೂ ಕೊಡುವ ಸಲಹೆ. ಕೆಲವು ಮಾತ್ರೆಗಳಿಗೆ ಅದು ಸರಿ, ಕೆಲವಕ್ಕೆ ಅರ್ಧ ಮಾತ್ರ ಸರಿ. ಕ್ಲೋರ್‌ಫೆನಿರಮಿನ್ ದೊಡ್ಡವರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ಹೈಡ್ರಾಕ್ಸಿಜಿನ್ನಿಗೂ ಅಷ್ಟೇ ಹೊತ್ತು. ರಾತ್ರಿ ಹತ್ತಕ್ಕೆ ನುಂಗಿದ್ದು ಮರುದಿನ ಬೆಳಿಗ್ಗೆ ಒಂಬತ್ತರ ಲೋಕಲ್ ಹಿಡಿಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮೈಯಲ್ಲೇ ಇರುತ್ತದೆ. ಡೈಫೆನ್‌ಹೈಡ್ರಮಿನ್ ಇವುಗಳಿಗಿಂತ ಬೇಗ ಇಳಿಯುವಂಥದ್ದು. ಆದರೂ ಮಲಗುವ ಮುನ್ನ 50 ಮಿ.ಗ್ರಾಂ ಕೊಟ್ಟು ಮರುದಿನ ಬೆಳಿಗ್ಗೆ ಪೆಟ್ ಸ್ಕ್ಯಾನ್ ಮಾಡಿದಾಗ ಮಿದುಳಿನ ಎಚ್1 ರಿಸೆಪ್ಟರುಗಳಲ್ಲಿ ಸುಮಾರು ಶೇ. 45ರಷ್ಟು ಇನ್ನೂ ಅದರ ವಶದಲ್ಲೇ ಇದ್ದವು. ಈ ಬಗೆಯ ಮಾತ್ರೆಗಳು ನಿದ್ದೆಯನ್ನು ಬೇಗ ತರುತ್ತವೆ, ಆದರೆ ಕನಸು ಕಾಣುವ ಹಂತದ ನಿದ್ದೆಯನ್ನು ಮೊಟಕುಗೊಳಿಸುತ್ತವೆ. ಎಂಟು ಗಂಟೆ ಮಲಗಿ ಎದ್ದರೂ ತಲೆ ಭಾರ ಎನ್ನುವುದಕ್ಕೆ ಇದೂ ಒಂದು ಕಾರಣ.

ಸ್ಟ್ರಿಪ್ಪಿನ ಹಿಂಭಾಗ ಓದಿ

ಹಳೆಯ ತಲೆಮಾರಿನ ಮಾತ್ರೆ ಯಾರು ತೆಗೆದುಕೊಳ್ಳುತ್ತಾರೆ ಈಗ ಎಂದು ನಿಮಗೆ ಅನಿಸಬಹುದು. ನಮ್ಮಲ್ಲಿ ಬಹುಪಾಲು ಜನ ತೆಗೆದುಕೊಳ್ಳುತ್ತಾರೆ, ಗೊತ್ತಿಲ್ಲದೆ. ಶೀತ, ನೆಗಡಿ ಎಂದು ಕೇಳಿದ ಕೂಡಲೇ ಅಂಗಡಿಯಲ್ಲಿ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಮಿಶ್ರಣಗಳು: ಜ್ವರ-ನೋವಿಗೆ ಪ್ಯಾರಸಿಟಮಾಲ್, ಕಟ್ಟಿದ ಮೂಗಿಗೆ ಫಿನೈಲೆಫ್ರಿನ್, ಜೊತೆಗೆ ಕ್ಲೋರ್‌ಫೆನಿರಮಿನ್ ಮ್ಯಾಲಿಯೇಟ್. ಅಂಗಡಿಯವರ ಬಾಯಲ್ಲಿ ಈ ಕೊನೆಯದು ಸಿಪಿಎಂ. ಹೊರಗೆ ದಪ್ಪ ಅಕ್ಷರದಲ್ಲಿ ಬ್ರಾಂಡಿನ ಹೆಸರಿರುತ್ತದೆ. ಒಳಗೇನಿದೆ ಎನ್ನುವುದು ಹಿಂಭಾಗದಲ್ಲಿ, ಬೆಳ್ಳಿ ಹಾಳೆಯ ಮೇಲೆ ಹೊಳೆಯುವ ಸಣ್ಣ ಅಕ್ಷರದಲ್ಲಿ. ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ಓದುವುದು ಸುಲಭ.

ಓದುವಾಗ ಈ ಹೆಸರುಗಳು ಕಂಡರೆ ಅದು ಮಂಪರಿನ ಮಾತ್ರೆ ಎಂದು ತಿಳಿಯಿರಿ: ಕ್ಲೋರ್‌ಫೆನಿರಮಿನ್, ಫೆನಿರಮಿನ್ (ಅವಿಲ್ ಎಂದು ನಮ್ಮ ಮನೆಗಳಲ್ಲಿ ಹೆಸರಾದದ್ದು), ಡೈಫೆನ್‌ಹೈಡ್ರಮಿನ್ (ಬೆನಡ್ರಿಲ್ ಕೆಮ್ಮಿನ ಸಿರಪ್), ಪ್ರೊಮೆಥಜಿನ್ (ಫೆನೆರ್ಗನ್), ಹೈಡ್ರಾಕ್ಸಿಜಿನ್ (ಅಟರಾಕ್ಸ್). ಅಲರ್ಜಿಗೆ ಸಂಬಂಧವೇ ಇಲ್ಲ ಎನಿಸುವ ಕಡೆಯೂ ಇದೇ ವಂಶದವರು ಇದ್ದಾರೆ. ಘಾಟಿ ರಸ್ತೆಯ ಬಸ್ಸಿನಲ್ಲಿ ವಾಂತಿಯಾಗದಿರಲೆಂದು ನುಂಗುವ ಅವೊಮಿನ್ ಪ್ರೊಮೆಥಜಿನ್ನಿನ ಇನ್ನೊಂದು ರೂಪ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಬಸುರಿಯರ ವಾಕರಿಕೆಗೆ ಕೊಡುವ ಡಾಕ್ಸಿಲಮಿನ್, ಮಗು ಊಟ ಮಾಡುವುದಿಲ್ಲ ಎಂದು ಕೊಡಿಸುವ ಹಸಿವಿನ ಸಿರಪ್ಪಿನಲ್ಲಿರುವ ಸೈಪ್ರೊಹೆಪ್ಟಡಿನ್, ಎಲ್ಲವೂ ಆಂಟಿಹಿಸ್ಟಮಿನ್‌ಗಳೇ. ಪ್ರವಾಸದಲ್ಲಿ ಹಿಂದೆ ಕೂತವರು ಅವೊಮಿನ್ ನುಂಗಲಿ, ಗಾಡಿ ಓಡಿಸುವವರು ಬೇಡ.

ಮಿಶ್ರಣದ ಮಾತ್ರೆಗಳಲ್ಲಿ ಇನ್ನೊಂದು ಬಲೆ ಇದೆ. ಬೆಳಿಗ್ಗೆ ಶೀತದ ಮಾತ್ರೆ, ಮಧ್ಯಾಹ್ನ ವೈದ್ಯರು ಬರೆದ ಲೆವೊಸೆಟಿರಿಜಿನ್, ರಾತ್ರಿ ಕೆಮ್ಮಿನ ಸಿರಪ್ ಎಂದರೆ ಮೂರು ಆಂಟಿಹಿಸ್ಟಮಿನ್ ಒಂದೇ ದಿನ ಹೊಟ್ಟೆಗೆ ಬಿದ್ದಂತೆ. ಜ್ವರದ ಮಾತ್ರೆ ಬೇರೆ ನುಂಗಿದರೆ ಪ್ಯಾರಸಿಟಮಾಲ್ ಕೂಡ ಇಮ್ಮಡಿ. ನಮ್ಮ ಔಷಧ ನಿಯಮಗಳ ಜಿ ಅನುಸೂಚಿಯಲ್ಲಿ ಹಲವು ಆಂಟಿಹಿಸ್ಟಮಿನ್‌ಗಳು ಇವೆ. ವೈದ್ಯರ ಮೇಲ್ವಿಚಾರಣೆ ಇಲ್ಲದೆ ಸೇವಿಸುವುದು ಅಪಾಯಕರ ಎಂಬ ಸಾಲನ್ನು ಅವುಗಳ ಮೇಲೆ ಮುದ್ರಿಸಬೇಕು. ಮುದ್ರಿಸಿಯೂ ಇರುತ್ತಾರೆ. ಅದನ್ನು ಓದಿದ ಗಿರಾಕಿಯನ್ನು ನಾನು ಇನ್ನೂ ನೋಡಬೇಕಿದೆ.

ಹೊಸವೆಲ್ಲ ಒಂದೇ ಅಲ್ಲ

ಸೆಟಿರಿಜಿನ್, ಲೆವೊಸೆಟಿರಿಜಿನ್, ಲೊರಾಟಡಿನ್, ಡೆಸ್‌ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇವು ಹೊಸ ತಲೆಮಾರಿನವು. "ಇದು ನಿದ್ದೆ ಬರದ್ದು" ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೊಡುವುದುಂಟು. ಸೆಟಿರಿಜಿನ್ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಸೆಟಿರಿಜಿನ್ ಬೇರೆ ಯಾವುದೋ ಅಲ್ಲ, ಹೈಡ್ರಾಕ್ಸಿಜಿನ್ ನಮ್ಮ ಮೈಯೊಳಗೆ ಬದಲಾಗಿ ಆಗುವ ವಸ್ತು. ತಾಯಿಯ ಗುಣ ಸ್ವಲ್ಪ ಉಳಿದಿದೆ. ಅಮೆರಿಕದ ಔಷಧ ಮಾಹಿತಿ ಹಾಳೆಯ ಪ್ರಕಾರ 10 ಮಿ.ಗ್ರಾಂ ತೆಗೆದುಕೊಂಡ 100 ಜನರಲ್ಲಿ 14 ಜನಕ್ಕೆ ಮಂಪರು ಕಂಡಿತ್ತು, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 6 ಜನಕ್ಕೆ. ಆ ದೇಶದ ವಿಮಾನಯಾನ ಸಂಸ್ಥೆ ಪೈಲಟ್‌ಗಳಿಗೆ ಫೆಕ್ಸೊಫೆನಡಿನ್ ಮತ್ತು ಲೊರಾಟಡಿನ್ ಒಪ್ಪುತ್ತದೆ, ಸೆಟಿರಿಜಿನ್ ಮತ್ತು ಲೆವೊಸೆಟಿರಿಜಿನ್ ಒಪ್ಪುವುದಿಲ್ಲ. ನಾವು ವಿಮಾನ ಹಾರಿಸುವುದಿಲ್ಲ, ಸರಿ. ಆದರೆ ಮುಂಬೈ-ಪುಣೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಬೈಕ್ ಓಡಿಸುವವರಿಗೆ ಆ ಪಟ್ಟಿ ಯೋಚಿಸತಕ್ಕದ್ದೇ.

ಸೆಟಿರಿಜಿನ್ ಕೆಟ್ಟ ಮಾತ್ರೆ ಎಂದು ನಾನು ಹೇಳುತ್ತಿಲ್ಲ. ಅಗ್ಗ, ಬೇಗ ಕೆಲಸ ಮಾಡುತ್ತದೆ, ಪಿತ್ತಗಂಧೆಗೆ ಬಹಳ ಒಳ್ಳೆಯದು. ಬಹುಪಾಲು ಜನಕ್ಕೆ ತೊಂದರೆ ಆಗುವುದೂ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ. ಯಾವುದೇ ಹೊಸ ಅಲರ್ಜಿ ಮಾತ್ರೆಯನ್ನು ಮೊದಲ ಸಲ ತೆಗೆದುಕೊಳ್ಳುವುದಾದರೆ ಮರುದಿನ ರಜೆ ಇರುವ ಸಂಜೆ ತೆಗೆದುಕೊಳ್ಳಿ. ಇಂಟರ್‌ವ್ಯೂ ದಿನ ಬೆಳಿಗ್ಗೆ ಬೇಡ.

ಫೆಕ್ಸೊಫೆನಡಿನ್ ಹುಟ್ಟಿನ ಹಿಂದೆಯೂ ಒಂದು ಕಥೆ ಇದೆ. ಅದರ ಪೂರ್ವಜ ಟೆರ್ಫೆನಡಿನ್. ಮಂಪರಿಲ್ಲದ ಅಲರ್ಜಿ ಮಾತ್ರೆ ಎಂದು ಎಂಬತ್ತರ ದಶಕದಲ್ಲಿ ಹೆಸರು ಮಾಡಿತ್ತು. ಕೆಲವು ಆಂಟಿಬಯೋಟಿಕ್ ಮತ್ತು ಫಂಗಸ್ ಔಷಧಿಗಳ ಜೊತೆ ಸೇರಿದಾಗ ಹೃದಯದ ಬಡಿತದ ಲಯ ಕೆಡಿಸುತ್ತದೆ ಎಂದು ಗೊತ್ತಾಗಿ ತೊಂಬತ್ತರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಅದು ಮೈಯಲ್ಲಿ ಬದಲಾಗಿ ಆಗುವ ವಸ್ತುವಿಗೆ ಆ ದೋಷ ಇರಲಿಲ್ಲ. ಅದೇ ಫೆಕ್ಸೊಫೆನಡಿನ್, ಅಲೆಗ್ರಾ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ. ಅದನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬು ಮೊದಲಾದ ಹಣ್ಣಿನ ರಸದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಸಿಡಿಟಿ ಔಷಧಿಯೂ ಹಾಗೆಯೇ. ಬಿಲಾಸ್ಟಿನ್ನನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. "ಮಾತ್ರೆ ಕೆಲಸ ಮಾಡ್ತಿಲ್ಲ" ಎಂದು ಮತ್ತೆ ಹಳೆಯ ಸಿಪಿಎಂಗೆ ಮರಳುವವರಲ್ಲಿ ಕೆಲವರು ಜ್ಯೂಸಿನ ಜೊತೆ ನುಂಗುತ್ತಿದ್ದವರು.

ಯಾವ ತಲೆಮಾರಿನದೇ ಇರಲಿ, ಮದ್ಯದ ಜೊತೆ ಬೇಡ. ನಿದ್ದೆ ಅಥವಾ ಆತಂಕದ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗಬಾಲಿನ್ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಅಲರ್ಜಿ ಮಾತ್ರೆ ಕೊಳ್ಳುವಾಗ ಹೇಳಿ. ಒಂದರ ಮಂಪರಿನ ಮೇಲೆ ಇನ್ನೊಂದರದ್ದು ಕೂಡಿಕೊಳ್ಳುತ್ತದೆ.

ಹಾಗಾದರೆ ಮಾತ್ರೆಯೇ ಬೇಡವೇ?

ಇಲ್ಲಿಯವರೆಗೆ ಓದಿ ಮಾತ್ರೆ ಬಿಸಾಡಲು ಹೊರಟವರು ಸ್ವಲ್ಪ ತಡೆಯಿರಿ. ಚಿಕಿತ್ಸೆಯಿಲ್ಲದ ಅಲರ್ಜಿಯೂ ಚುರುಕುತನ ಕಸಿಯುತ್ತದೆ. ರಾತ್ರಿಯಿಡೀ ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದವರಿಗೆ ಹಗಲು ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ 15ರಿಂದ 17 ವರ್ಷದ 1,834 ವಿದ್ಯಾರ್ಥಿಗಳನ್ನು ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಲ್ಲಿ ಮುಖ್ಯ ಪರೀಕ್ಷೆ ಬರುವುದೇ ಹುಲ್ಲಿನ ಪರಾಗ ಹಾರುವ ಬೇಸಿಗೆಯಲ್ಲಿ. ಚಳಿಗಾಲದ ತಯಾರಿ ಪರೀಕ್ಷೆಗೆ ಹೋಲಿಸಿದರೆ ಮುಖ್ಯ ಪರೀಕ್ಷೆಯಲ್ಲಿ ಗ್ರೇಡ್ ಇಳಿಯುವ ಸಾಧ್ಯತೆ ಅಲರ್ಜಿಯ ಲಕ್ಷಣ ಇದ್ದವರಲ್ಲಿ ಶೇ. 40ರಷ್ಟು ಹೆಚ್ಚು. ಪರೀಕ್ಷೆಯ ಹೊತ್ತಿನಲ್ಲಿ ಮಂಪರಿನ ಆಂಟಿಹಿಸ್ಟಮಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ. 70ರಷ್ಟು ಹೆಚ್ಚು. ಸೀನುತ್ತ ಬರೆದರೂ ನಷ್ಟ, ತಪ್ಪು ಮಾತ್ರೆ ನುಂಗಿ ಬರೆದರೆ ಇನ್ನೂ ನಷ್ಟ. ನಮ್ಮಲ್ಲಿ ಬೋರ್ಡ್ ಪರೀಕ್ಷೆಯ ಹಿಂದಿನ ರಾತ್ರಿ ಮಗುವಿಗೆ ಶೀತವೆಂದು ಮನೆಯಲ್ಲಿದ್ದ ಸಿರಪ್ ಕುಡಿಸುವ ತಾಯ್ತಂದೆಯರು ಇದನ್ನು ನೆನಪಿಡಬೇಕು.

ಮೂಗಿನ ಅಲರ್ಜಿ ವರ್ಷದಲ್ಲಿ ತಿಂಗಳುಗಟ್ಟಲೆ ಕಾಡುವವರಿಗೆ ಮಾತ್ರೆಗಿಂತ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಉಪಯೋಗ. ಫ್ಲುಟಿಕಾಸೋನ್, ಮೊಮೆಟಾಸೋನ್ ಇಂಥವು. ಸ್ಟೀರಾಯ್ಡ್ ಎಂಬ ಹೆಸರಿಗೇ ಜನ ಹೆದರುತ್ತಾರೆ, ಆದರೆ ಕೆಲಸ ಮೂಗಿನೊಳಗೇ ನಡೆಯುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಮಂಪರು ತರುವುದಿಲ್ಲ. ದಿನವೂ ಬಳಸಬೇಕು, ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕು. ವೈದ್ಯರನ್ನು ಕೇಳಿ ಶುರು ಮಾಡಿ. ಮೊಂಟೆಲುಕಾಸ್ಟ್ ಮತ್ತು ಲೆವೊಸೆಟಿರಿಜಿನ್ ಸೇರಿದ ಮಾತ್ರೆ ನಮ್ಮಲ್ಲಿ ಬಹಳ ಓಡುತ್ತದೆ. ಅದರಲ್ಲಿ ಮೊಂಟೆಲುಕಾಸ್ಟ್ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ನಡವಳಿಕೆಯ ಬದಲಾವಣೆ ತರುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದಾರೆ. ಅಂಥದ್ದೇನಾದರೂ ಕಂಡರೆ ವೈದ್ಯರಿಗೆ ತಿಳಿಸಿ, ಹಳೆಯ ಚೀಟಿ ತೋರಿಸಿ ಕೊಳ್ಳುತ್ತಲೇ ಹೋಗಬೇಡಿ.

ಊರು ಬಿಟ್ಟು ಬಂದವರಿಗೆ ಇನ್ನೊಂದು ಮಾತು. ದೆಹಲಿಗೆ ಬಂದ ಮೇಲೆ ಸೀನು ಶುರುವಾಯಿತು, ಇಲ್ಲಿನ ಹವೆ ಒಗ್ಗಲಿಲ್ಲ ಎನ್ನುವವರು ಬಹಳ. ದೆಹಲಿಯಲ್ಲಿ ವಿಲಾಯತಿ ಕೀಕರ್ ಎನ್ನುವ ಮರ ನಮ್ಮ ಬಳ್ಳಾರಿ ಜಾಲಿಯೇ. ಚೆನ್ನೈ ಸುತ್ತ ಅದೇ ಸೀಮೈ ಕರುವೇಲಂ. ಅದರ ಪರಾಗ ಅಲರ್ಜಿ ತರುವಂಥದ್ದು. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದು ಸುದ್ದಿಯಾದದ್ದು 1950ರ ದಶಕದಲ್ಲಿ ಪುಣೆಯಲ್ಲಿ, ಆಮೇಲೆ ಕರ್ನಾಟಕದ ಹೊಲ, ಖಾಲಿ ಸೈಟುಗಳಿಗೆಲ್ಲ ಹಬ್ಬಿತು. ಯಾವುದರಿಂದ, ಯಾವ ತಿಂಗಳಲ್ಲಿ ಹೆಚ್ಚಾಗುತ್ತದೆ ಎಂದು ಬರೆದಿಟ್ಟುಕೊಂಡರೆ ವರ್ಷವಿಡೀ ಮಾತ್ರೆ ನುಂಗುವುದು ತಪ್ಪಬಹುದು.

ಮಕ್ಕಳು, ಹಿರಿಯರು

ರೈಲಿನಲ್ಲಿ ಇಪ್ಪತ್ತು ಗಂಟೆ ಪ್ರಯಾಣ, ಮಗು ಅಳದೆ ಮಲಗಲಿ ಎಂದು ಶೀತದ ಸಿರಪ್ ಕೊಡುವುದನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಕೆಲವು ಮಕ್ಕಳಲ್ಲಿ ಇದು ಉಲ್ಟಾ ಕೆಲಸ ಮಾಡಿ ಮಗು ಇನ್ನಷ್ಟು ಹಟ, ಚಡಪಡಿಕೆ ಮಾಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಉಸಿರಾಟ ನಿಧಾನವಾಗುವುದು. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಲೇಬಲ್ಲಿನಲ್ಲಿ ಮುದ್ರಿಸಬೇಕೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಅದಕ್ಕೂ ಮೊದಲು ಕೊಂಡ ಬಾಟಲಿ ನಿಮ್ಮ ಕಪಾಟಿನಲ್ಲಿ ಇದ್ದರೆ ಎಸೆದುಬಿಡಿ.

ಹಿರಿಯರಲ್ಲಿ ಹಳೆಯ ಆಂಟಿಹಿಸ್ಟಮಿನ್‌ಗಳ ಇನ್ನೊಂದು ಗುಣ ಕಾಡುತ್ತದೆ. ಅವು ಅಸಿಟೈಲ್‌ಕೊಲಿನ್ ಎಂಬ ಇನ್ನೊಂದು ರಾಸಾಯನಿಕವನ್ನೂ ತಡೆಯುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಲ್ಲಿ ಮೂತ್ರ ಕಟ್ಟುವುದು, ಕೆಲವು ಬಗೆಯ ಗ್ಲುಕೋಮಾ ಉಲ್ಬಣಿಸುವುದು, ರಾತ್ರಿ ಎದ್ದಾಗ ಮುಗ್ಗರಿಸಿ ಬೀಳುವುದು, ಹೊತ್ತು-ಜಾಗ ತಿಳಿಯದಂಥ ಗೊಂದಲ ಇದರ ಫಲ. ಹಿರಿಯರಿಗೆ ಕೊಡಬಾರದ ಔಷಧಿಗಳ ಕುರಿತು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಹೊರತರುವ ಬಿಯರ್ಸ್ ಪಟ್ಟಿಯಲ್ಲಿ ಈ ಹಳೆಯ ತಲೆಮಾರು ಇದೆ. ಊರಿನಿಂದ ಬಂದ ಅಪ್ಪ ನೆಗಡಿ ಮಾತ್ರೆ ಶುರು ಮಾಡಿದ ಎರಡನೆಯ ದಿನ ಸಂಜೆ ಏನೇನೋ ಮಾತಾಡತೊಡಗಿದರೆ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ಮಾತ್ರೆಯ ಸ್ಟ್ರಿಪ್ ಹಿಡಿದುಕೊಂಡು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಅಂಗಡಿಯಲ್ಲಿ ಏನು ಕೇಳಬೇಕು

ಪುಣೆ, ಮುಂಬೈಯಲ್ಲಿ "ಝೋಪ್ ಯೇತೇ ಕಾ?", ದೆಹಲಿಯಲ್ಲಿ "ನೀಂದ್ ಆತೀ ಹೈ ಕ್ಯಾ?", ಹೈದರಾಬಾದಿನಲ್ಲಿ "ನಿದ್ರ ವಸ್ತುಂದಾ?", ಚೆನ್ನೈಯಲ್ಲಿ "ತೂಕ್ಕಂ ವರುಮಾ?" ಎಂದು ಕೇಳುವುದು ನಿಮಗೆ ಬಂದೇ ಬರುತ್ತದೆ. ಅದಕ್ಕೆ ಎರಡು ಮಾತು ಸೇರಿಸಿ. ಒಂದು, ನೀವು ಮಾಡುವ ಕೆಲಸ: ಗಾಡಿ ಓಡಿಸುತ್ತೇನೆ, ಲೇತ್ ಮೇಲೆ ನಿಲ್ಲುತ್ತೇನೆ, ಹೋಟೆಲಿನಲ್ಲಿ ಕುದಿಯುವ ಎಣ್ಣೆಯ ಮುಂದೆ ಇರುತ್ತೇನೆ, ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ, ನಾಳೆ ಪರೀಕ್ಷೆ. ಎರಡು, "ಸಿಪಿಎಂ ಇಲ್ಲದ್ದು ಕೊಡಿ." ಈ ಮೂರಕ್ಷರ ಯಾವ ಊರಿನ ಅಂಗಡಿಯಲ್ಲೂ ಅನುವಾದವಿಲ್ಲದೆ ಅರ್ಥವಾಗುತ್ತದೆ. ವೈದ್ಯರ ಹತ್ತಿರ ಹೋದಾಗಲೂ ಕೆಲಸದ ವಿಷಯ ಹೇಳಿ. ಅವರು ಕೇಳದೇ ಇರಬಹುದು, ನೀವು ಹೇಳಿದರೆ ಬರೆಯುವ ಮಾತ್ರೆ ಬದಲಾಗುತ್ತದೆ.

ಕೊನೆಯದಾಗಿ, ಮಾತ್ರೆಯ ಪ್ರಶ್ನೆಯೇ ಅಲ್ಲದ ಒಂದು ಸಂದರ್ಭ ಇದೆ. ಏನೋ ತಿಂದ ಮೇಲೆ, ಕೀಟ ಕಚ್ಚಿದ ಮೇಲೆ ಅಥವಾ ಇಂಜೆಕ್ಷನ್ ಆದ ಮೇಲೆ ತುಟಿ, ನಾಲಿಗೆ ಊದಿಕೊಳ್ಳುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಕುಸಿಯುವುದು ಕಂಡರೆ ಅವಿಲ್ಲೋ ಸೆಟಿರಿಜಿನ್ನೋ ಹುಡುಕುತ್ತ ಕೂರಬೇಡಿ. ಅಲ್ಲಿ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್. 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕೂಡಲೇ ಕರೆದುಕೊಂಡು ಹೋಗಿ.